ಓಡು, ನಿಲ್ಲು, ಕ್ಲಿಕ್!

ಸರಸರನೆ ನಾಲ್ಕು ಹೆಜ್ಜೆ ಓಟ. ಗಕ್ಕನೆ ನಿಲುಗಡೆ. ಮತ್ತೆ ಓಟ, ಮತ್ತೆ ನಿಲುಗಡೆ. ನಿಂತಾಗ ತಲೆ ನೆಟ್ಟಗೆ, ಮೈಗಿಂತ ದೊಡ್ಡದೇನೋ ಅನ್ನಿಸುವ ಕರಿಗಣ್ಣು ಕೆಸರಿನ ಮೇಲೆ. ರೆಪ್ಪೆ ಬಡಿಯುವಷ್ಟರಲ್ಲಿ ಬಾಗಿ ಒಂದೇ ಒಂದು ಕುಟುಕು, ಕೊಕ್ಕಿನ ತುದಿಯಲ್ಲಿ ಎಳೆಹುಳು! ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ನೀರಿಳಿದ ಬೆಳಗ್ಗೆ, ಕೆಸರಿಗೆ ಎದೆಯೂರಿ ಮಲಗಿ, ಉದ್ದನೆಯ ಲೆನ್ಸಿನೊಳಗಿಂದ ಮರಳು ಪ್ಲೋವರ್ ಹಕ್ಕಿಯನ್ನು ಒಮ್ಮೆ ನೋಡಬೇಕು. ಮುಷ್ಟಿಯೊಳಗೆ ಹಿಡಿಸುವ ಈ ಜೀವ ಬೇಸಿಗೆಯಲ್ಲಿ ಮರಿ ಮಾಡಿದ್ದು ಎಲ್ಲಿ ಅಂತೀರಿ? ಹಿಮಾಲಯದಾಚೆ, ಟಿಬೆಟ್ ಪ್ರಸ್ಥಭೂಮಿಯ ಕಡೆ, ಸುಮಾರು 4000 ಮೀಟರ್ ಎತ್ತರದ ಬೋಳು ನೆಲದಲ್ಲಿ. ಅಷ್ಟೆತ್ತರದಿಂದ ಹೊರಟು, ಪರ್ವತ ದಾಟಿ, ಸಮುದ್ರ ಮಟ್ಟಕ್ಕೆ ಇಳಿದು ಬಂದು ನಮ್ಮ ಕೆಸರಿನಲ್ಲಿ ಹುಳು ಹೆಕ್ಕುತ್ತಿದೆ!

ನಿಂತು ತೆಗೆದ ಚಿತ್ರದಲ್ಲಿ ಇದ್ಯಾವುದೂ ಬರುವುದಿಲ್ಲ. ಕಂದು ಕೆಸರಿನಲ್ಲಿ ಕಂದು ಹಕ್ಕಿ ಕರಗಿಹೋಗುತ್ತದೆ. ಮಲಗಬೇಕು. ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದ ಕೂಡಲೇ ಹಿಂದಿನ ಕೆಸರೆಲ್ಲ ಮಸುಕಾಗಿ ಹಿಂದೆ ಸರಿದು, ಹಕ್ಕಿಯೊಂದೇ ಎದ್ದು ನಿಲ್ಲುತ್ತದೆ. ಅಡುಗೆಮನೆಯ ಬಾಣಲೆಗೆ ಬೋಲ್ಟು ಹಾಕಿ, ಅದರ ಮೇಲೆ ಟ್ರೈಪಾಡಿನ ತಲೆ ಕೂರಿಸಿ, ಕ್ಯಾಮೆರಾವನ್ನು ಕೆಸರ ಮೇಲೆ ಜಾರಿಸಿಕೊಂಡು ಹೋಗುವುದು ಹಕ್ಕಿ ಛಾಯಾಗ್ರಾಹಕರ ಹಳೆಯ ಉಪಾಯ. ಮನೆಯವರ ಕಣ್ಣು ತಪ್ಪಿಸಿ ಬಾಣಲೆ ಸಾಗಿಸುವುದು ಮಾತ್ರ ಫೋಟೋ ತೆಗೆಯುವುದಕ್ಕಿಂತ ಕಷ್ಟದ ಕೆಲಸ. ಬಳಚು ಚಿಪ್ಪಿ ತೆಗೆಯಲು ಬಂದ ಹೆಂಗಸರು ನಮ್ಮನ್ನು ಕಂಡು "ಎಂತ ಕಳ್ಕಂಡ್ರಿ?" ಅಂತ ಕೇಳಿ ನಗುತ್ತಾರೆ. ಮಜಾ ನೋಡಿ, ದಿನವೂ ಬಗ್ಗಿ ದುಡಿಯುವ ಅವರನ್ನು ಕಂಡು ಹಕ್ಕಿಗಳು ಹಾರುವುದಿಲ್ಲ. ನೆಟ್ಟಗೆ ನಡೆದು ಬರುವ ಕ್ಯಾಮೆರಾದವನನ್ನು ಕಂಡರೆ ಇಡೀ ಹಿಂಡು ಗಾಳಿಗೆ!

ಅಳಿವೆಯಲ್ಲಿ ಒಂದು ಹಕ್ಕಿಯಂತೆ ಇನ್ನೊಂದಿಲ್ಲ. ಪ್ಲೋವರ್ ಕಣ್ಣಿನಿಂದ ಬೇಟೆಯಾಡಿದರೆ, ಪಕ್ಕದಲ್ಲೇ ಬಿಲ್ಲಿನಂತೆ ಬಾಗಿದ ಉದ್ದ ಕೊಕ್ಕಿನ ಕರ್ಲೂ ನೋಡುವ ಗೋಜಿಗೇ ಹೋಗದೆ ಕೊಕ್ಕನ್ನು ಬುಡದ ತನಕ ಕೆಸರಿಗೆ ತೂರಿಸಿ ತಡಕುತ್ತದೆ. ಈ ಬಳಗದ ಹಕ್ಕಿಗಳ ಕೊಕ್ಕಿನ ತುದಿಯ ಎಲುಬಿನಲ್ಲಿ ಸಣ್ಣ ಸಣ್ಣ ಗುಳಿಗಳಿವೆ, ಅವುಗಳೊಳಗೆ ಸ್ಪರ್ಶವನ್ನು ಗ್ರಹಿಸುವ ನರತುದಿಗಳ ಗೊಂಚಲು. ರೆಡ್ ನಾಟ್ ಎಂಬ ಹಕ್ಕಿಯಂತೂ ಮರಳಲ್ಲಿ ಹೂತ ಚಿಪ್ಪಿಯನ್ನು ಮುಟ್ಟದೆಯೇ ಪತ್ತೆ ಮಾಡುತ್ತದೆ. ಕೊಕ್ಕು ಚುಚ್ಚಿದಾಗ ಒದ್ದೆ ಮರಳಿನೊಳಗೆ ಉಂಟಾಗುವ ಒತ್ತಡ ಗಟ್ಟಿ ವಸ್ತುವಿನ ಸುತ್ತ ಬೇರೆಯಾಗುತ್ತದೆ, ಅದನ್ನು ಕೊಕ್ಕು ಓದುತ್ತದೆ ಎಂದು ನೆದರ್ಲೆಂಡ್ಸಿನ ಥ್ಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಇನ್ನೂ ಒಂದು ಬೆರಗು ಉಂಟು, ಅದು ಸಿಗುವುದು ಕ್ಯಾಮೆರಾಕ್ಕೇ. 1/2000 ಸೆಕೆಂಡಿನಲ್ಲಿ ಸಾಲಾಗಿ ಹೊಡೆದ ಚಿತ್ರಗಳನ್ನು ಆಮೇಲೆ ದೊಡ್ಡದು ಮಾಡಿ ನೋಡುವಾಗ ಒಂದರಲ್ಲಿ ಕೊಕ್ಕು ಮುರಿದಂತೆ ಕಾಣುತ್ತದೆ: ಬುಡ ಮುಚ್ಚಿದೆ, ತುದಿಯಷ್ಟೇ ಮೇಲಕ್ಕೆ ಬಾಗಿ ತೆರೆದಿದೆ! ಮುರಿದದ್ದಲ್ಲ. ಮೇಲ್ಕೊಕ್ಕಿನ ತುದಿಯನ್ನಷ್ಟೇ ಬಾಗಿಸುವ ಶಕ್ತಿ ಕರ್ಲೂ ಬಳಗದ ಈ ಹಕ್ಕಿಗಳಿಗಿದೆ. ಇಲ್ಲದಿದ್ದರೆ ಕೆಸರಿನ ಆಳದಲ್ಲಿ ಬಾಯಿ ತೆರೆಯುವುದಾದರೂ ಹೇಗೆ?

ಬಿಸಿಲೇರಿದಾಗ ಬಿಸಿಗಾಳಿಯ ಅಲೆ ಎದ್ದು ಉದ್ದ ಲೆನ್ಸು ಕೆಲಸಕ್ಕೆ ಬಾರದಾಗುತ್ತದೆ. ಆಗ ಮ್ಯಾಕ್ರೋ ಲೆನ್ಸು ಹಾಕಿ ಪಕ್ಕದ ಮರಳ ದಿಬ್ಬಕ್ಕೆ ತಿರುಗಿದರೆ ಅಲ್ಲೂ ಮಲಗುವುದೇ, ಅದೇ ಮೊಣಕೈ, ಅದೇ ಉಸಿರು ಹಿಡಿತ. ಅಲ್ಲೊಂದು ಹುಲಿ ಜೀರುಂಡೆ. ಉದ್ದ ಕಾಲು, ಉಬ್ಬುಗಣ್ಣು, ಕತ್ತರಿಯಂಥ ದವಡೆ. ಮೈ ಉದ್ದ ಒಂದೆರಡು ಸೆಂಟಿಮೀಟರ್ ಇದ್ದರೆ ಹೆಚ್ಚು. ಅದು ಏನು ಮಾಡುತ್ತದೆ ಗೊತ್ತೆ? ಸರಸರನೆ ಓಟ, ಗಕ್ಕನೆ ನಿಲುಗಡೆ. ಮತ್ತೆ ಓಟ, ಮತ್ತೆ ನಿಲುಗಡೆ!

ಇದನ್ನು ಮೊದಲು ಗಮನಿಸಿದಾಗ ನನಗೆ ಕ್ಯಾಮೆರಾ ಒತ್ತುವುದೇ ಮರೆತುಹೋಯಿತು. ಒಂದಕ್ಕೆ ರೆಕ್ಕೆಪುಕ್ಕ, ಒಂದಕ್ಕೆ ಆರು ಕಾಲು. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ನಡಿಗೆ ಮಾತ್ರ ಒಂದೇ! ಜೀರುಂಡೆ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೋಲ್ ಗಿಲ್ಬರ್ಟ್ 1990ರ ದಶಕದಲ್ಲಿ ಉತ್ತರ ಕಂಡುಕೊಂಡರು. ಓಡುವಾಗ ಅದಕ್ಕೆ ಕಣ್ಣು ಕಾಣುವುದಿಲ್ಲ. ಅದರ ವೇಗಕ್ಕೆ ಕಣ್ಣಿಗೆ ಬೀಳುವ ಬೆಳಕು ಸಾಲದೆ ಎದುರಿನ ಲೋಕ ಕಲಸಿಹೋಗುತ್ತದೆ. ಬೇಟೆ ಎಲ್ಲಿದೆ ಎಂದು ಮತ್ತೆ ನೋಡಬೇಕಾದರೆ ನಿಲ್ಲಲೇಬೇಕು. ಕಡಿಮೆ ಶಟರ್ ಸ್ಪೀಡಿನಲ್ಲಿ ನಮ್ಮ ಚಿತ್ರ ಯಾಕೆ ಕೆಡುತ್ತದೋ ಅದೇ ಕಾರಣಕ್ಕೆ ಜೀರುಂಡೆಯ ನೋಟವೂ ಕೆಡುತ್ತದೆ! ಹಾಗಾದರೆ ಕುರುಡಾಗಿ ಓಡುವಾಗ ಢಿಕ್ಕಿ ಹೊಡೆಯುವುದಿಲ್ಲವೆ? ಇಲ್ಲ, ಎರಡೂ ಮೀಸೆಗಳನ್ನು ಮುಂದಕ್ಕೆ ಬಿಗಿಯಾಗಿ ಚಾಚಿ, ನೆಲದ ಏರುತಗ್ಗನ್ನು ಅವುಗಳಿಂದಲೇ ತಿಳಿದುಕೊಳ್ಳುತ್ತದೆ. ಇದನ್ನೂ ಗಿಲ್ಬರ್ಟ್ ಮತ್ತು ಡೇನಿಯಲ್ ಜುರೆಕ್ 2014ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ನಿಮ್ಮ ಚಿತ್ರದಲ್ಲಿ ಓಡುವ ಜೀರುಂಡೆಯ ಮೀಸೆ ನೋಡಿ, ನೇರ ಮುಂದಕ್ಕಿರುತ್ತದೆ.

ಪ್ಲೋವರ್ ಕೂಡ ನಿಲ್ಲುವುದು ನೋಡುವುದಕ್ಕೇ. ಹಾಗಾಗಿ ಎರಡನ್ನೂ ಹಿಡಿಯುವ ಗುಟ್ಟು ಒಂದೇ ಆಯಿತು: ಓಟವನ್ನು ಬೆನ್ನಟ್ಟಬೇಡಿ, ನಿಲುಗಡೆಗೆ ಕಾಯಿರಿ. ಅದು ನೋಡಲು ನಿಂತ ಕ್ಷಣವೇ ನಾವು ನೋಡುವ ಕ್ಷಣ. ಮ್ಯಾಕ್ರೋದಲ್ಲಿ ಆ ಕ್ಷಣ ಇನ್ನೂ ಕಿರಿದು. ಕೀಟವನ್ನು ಸೆನ್ಸರಿನ ಮೇಲೆ ಅದರ ನಿಜಗಾತ್ರದಲ್ಲಿ ಮೂಡಿಸುವಷ್ಟು ಹತ್ತಿರ ಹೋದರೆ, ಎಫ್ 11 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿನ ಆಸುಪಾಸು. ನಮ್ಮ ಉಸಿರಾಟಕ್ಕೇ ಅದು ತಪ್ಪಿಹೋಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಮರದ ಎಲೆ ಹೊಲಿಯುವ ಚಗಳಿ ಇರುವೆಗಳನ್ನು ಅಷ್ಟು ಹತ್ತಿರದಿಂದ ತೆಗೆಯಹೋದರೆ ಉಸಿರಿನ ಜೊತೆಗೆ ಕಡಿತದ ಲೆಕ್ಕವೂ ಇಟ್ಟುಕೊಳ್ಳಬೇಕು, ಆ ಮಾತು ಬೇರೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಒಣಕಡ್ಡಿಗೆ ನೇತುಬಿದ್ದ ಒಂದು ಏರೋಪ್ಲೇನ್ ಚಿಟ್ಟೆ. ಚಿಕ್ಕಂದಿನಲ್ಲಿ ನಾವೆಲ್ಲ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವಲ್ಲ, ಅದೇ ಕುಲದ್ದು, ಹೊಂಬಣ್ಣದ್ದು. ವಿಜ್ಞಾನಿಗಳು ಕರೆಯುವುದು ಪಾಂಟಲಾ ಫ್ಲಾವೆಸೆನ್ಸ್. ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್‌ಗೆ ಒಂದು ಪ್ರಶ್ನೆ ಕಾಡುತ್ತಿತ್ತು: ಸಿಹಿನೀರಿನ ಕೆರೆಕುಂಟೆಗಳೇ ಇಲ್ಲವೆನ್ನಬಹುದಾದ ಈ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಲಕ್ಷಾಂತರ ಏರೋಪ್ಲೇನ್ ಚಿಟ್ಟೆಗಳು ಬರುವುದು ಎಲ್ಲಿಂದ? 2009ರಲ್ಲಿ ಅವರು ಬರೆದ ಉತ್ತರ: ಭಾರತದಿಂದ! ಮುಂಗಾರು ಮುಗಿಯುವ ಹೊತ್ತಿಗೆ ಗಾಳಿಯ ಬೆನ್ನೇರಿ ದಕ್ಷಿಣ ಭಾರತದಿಂದ ಹೊರಟು, ಮಾಲ್ಡೀವ್ಸ್ ಹಾದು, ಸಾಗರದ ಮೇಲೆಯೇ ಪೂರ್ವ ಆಫ್ರಿಕಾ ತಲುಪುತ್ತವೆ. ಅವುಗಳ ಮಕ್ಕಳು, ಮೊಮ್ಮಕ್ಕಳು ಮಳೆಯನ್ನು ಹಿಂಬಾಲಿಸಿ ತಿರುಗಿ ಇಲ್ಲಿಗೆ. ಹಲವು ತಲೆಮಾರು ಸೇರಿ ಮುಗಿಸುವ ಈ ಸುತ್ತು 14,000ದಿಂದ 18,000 ಕಿಲೋಮೀಟರ್. ಒಂದು ಗ್ರಾಮ್ ಕೂಡ ತೂಗದ ಜೀವ! ಮ್ಯಾಕ್ರೋ ಚಿತ್ರದಲ್ಲಿ ಅದರ ಹಿಂದಿನ ರೆಕ್ಕೆಯ ಬುಡ ನೋಡಿ, ಎಷ್ಟು ಅಗಲ! ಬಡಿಯದೆ ತೇಲುವುದಕ್ಕೆಂದೇ ಇರುವ ಹರವು ಅದು. ಹಿಮಾಲಯ ದಾಟಿದ ಪ್ಲೋವರ್ ಬಂದಿಳಿಯುವ ದಿನಗಳಲ್ಲೇ ಈ ಪುಟ್ಟ ಕೀಟಗಳ ಕುಲ ಕಡಲು ದಾಟಲು ಹೊರಡುತ್ತದೆ. ಒಂದೇ ಬೆಳಗ್ಗೆ, ಎರಡು ಲೆನ್ಸುಗಳಲ್ಲಿ ಇಬ್ಬರು ದೂರದ ಪಯಣಿಗರು!

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಕಡೆಯಿಂದ ಹೊತ್ತು ತಂದ ಮಣ್ಣನ್ನು ನದಿ ಇಂದಿಗೂ ಇಲ್ಲಿಗೆ ತಂದು ಸುರಿಯುತ್ತದೆ, ಅದಕ್ಕೇ ಈ ಕೆಸರು, ಈ ಬಳಚು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ, ಈ ಹಕ್ಕಿ. 4,801 ಹೆಕ್ಟೇರಿನ ಈ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳೂ ಅದರ ಜೊತೆಗೇ ಸೇರಿದವು. ಬಹಳ ತಡವಾಗಿಯೇ ಸಿಕ್ಕ ಮನ್ನಣೆ ಎನ್ನುವುದು ನನ್ನ ಅಭಿಪ್ರಾಯ.

ಹೋಗುವ ಮನಸ್ಸಾದರೆ ಅಕ್ಟೋಬರಿನಿಂದ ಮಾರ್ಚಿನೊಳಗೆ ಹೋಗಿ. ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆ ನೋಡಿಕೊಳ್ಳಿ, ಆ ದಿನಗಳಲ್ಲಿ ಏರಿಳಿತ ಜೋರು. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರ ಚದುರಿರುತ್ತವೆ. ಉಬ್ಬರ ಏರತೊಡಗಿದಾಗ ಸುಮ್ಮನೆ ದಡದಂಚಿಗೆ ಮಲಗಿ, ನೀರೇ ಅವನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ತುಂಬಿದ ನೀರಿನಲ್ಲಿ ಒಂದೇ ದಿಬ್ಬದ ಮೇಲೆ ಒತ್ತಾಗಿ ಕೂತ ಹಿಂಡನ್ನು ಮಾತ್ರ ಹಾರುವ ಚಿತ್ರದ ಆಸೆಗೆ ಎಬ್ಬಿಸಬೇಡಿ. ಮಾರ್ಚ್ ಕಳೆದರೆ ಅವು ಪರ್ವತ ದಾಟಬೇಕು, ಮೈಗೂಡಿಸಿದ ಕೊಬ್ಬು ಅದಕ್ಕೇ ಬೇಕು. ಅಲುಗದಿರಲೆಂದು ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ಚಿತ್ರ ತೆಗೆಯುವ ದುಷ್ಟಬುದ್ಧಿಯೂ ಬೇಡ, ಜೀರುಂಡೆ ತಾನಾಗಿಯೇ ನಿಲ್ಲುತ್ತದೆ. ಇಳಿಯುವ ಮೊದಲು ಬಳಚು ತೆಗೆಯುವವರನ್ನು ಕೇಳಿ, ಎಲ್ಲಿ ಕಾಲು ಹೂಳುತ್ತದೆ, ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂಬುದು ಅವರಿಗೆ ಗೊತ್ತು. ಒಬ್ಬರೇ ಹೋಗಬೇಡಿ.