ಕುತ್ತಿಗೆ ನೋವು: ದಿನಕ್ಕೆ ಹತ್ತು ನಿಮಿಷದ ವ್ಯಾಯಾಮ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಸುತ್ತಲೂ ಕಣ್ಣಾಡಿಸಿ. ಕಿಟಕಿಯಾಚೆ ನೋಡುವವರು ಕಡಿಮೆ. ಹೆಚ್ಚಿನವರ ತಲೆ ಮೊಬೈಲಿನ ಮೇಲೆ ಬಾಗಿರುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಮಹಿಳೆಯರು, ದರ್ಜಿಗಳು, ಕಂಪ್ಯೂಟರ್ ಮುಂದೆ ದಿನ ಕಳೆಯುವ ಗುಮಾಸ್ತರು ಇವರೆಲ್ಲರ ದೂರೂ ಒಂದೇ: "ಕುತ್ತಿಗೆ ಹಿಡಿದುಕೊಂಡಿದೆ." 2020ರಲ್ಲಿ ಜಗತ್ತಿನಾದ್ಯಂತ ಸುಮಾರು 20 ಕೋಟಿ ಜನರು ಕುತ್ತಿಗೆ ನೋವಿನಿಂದ ಬಳಲುತ್ತಿದ್ದರೆಂದು ತಜ್ಞರು ಅಂದಾಜಿಸಿದ್ದಾರೆ.

ನೋವು ಏಕೆ ಬರುತ್ತದೆ?

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಕುತ್ತಿಗೆಯ 7 ಮೂಳೆಗಳು ಮತ್ತು ಸುತ್ತಲಿನ ಸ್ನಾಯುಗಳು ಅದನ್ನು ಹೊರುತ್ತವೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಭಾರ. ತಲೆಯೂ ಹಾಗೆಯೇ. ಅದು ಮುಂದಕ್ಕೆ ಬಾಗಿದಷ್ಟೂ ಹಿಂಭಾಗದ ಸ್ನಾಯುಗಳು ಹೆಚ್ಚು ದುಡಿದು ದಣಿಯುತ್ತವೆ. ತಲೆ ಬಾಗಿದವರಿಗೆಲ್ಲ ನೋವು ಬರುತ್ತದೆ ಎಂದಲ್ಲ. ಗಂಟೆಗಟ್ಟಲೆ ಅಲುಗಾಡದೆ ಇರುವುದು, ನಿದ್ರೆಯ ಕೊರತೆ ಹಾಗೂ ಮಾನಸಿಕ ಒತ್ತಡವೂ ನೋವನ್ನು ಹೆಚ್ಚಿಸುತ್ತವೆ.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮ

1. ನೇರವಾಗಿ ಕುಳಿತು, ದೃಷ್ಟಿ ಮುಂದಿಟ್ಟು, ಗದ್ದವನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳಿ. ತಲೆ ಬಗ್ಗಿಸಬಾರದು. 5 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಬಾರಿ.

2. ಅಂಗಾತ ಮಲಗಿ, ತಲೆ ಎತ್ತದೆ, 'ಹೌದು' ಎನ್ನುವಂತೆ ಗದ್ದವನ್ನು ಮೆಲ್ಲಗೆ ಕೆಳಗಿಳಿಸಿ. ಕುತ್ತಿಗೆಯ ಒಳಸ್ನಾಯುಗಳಿಗೆ ಇದರಿಂದ ಬಲ ಬರುತ್ತದೆ.

3. ಬೆನ್ನಿನ ಮೇಲ್ಭಾಗದ ಎರಡು ಹೆಗಲ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು 5 ಸೆಕೆಂಡು ಹಿಡಿಯಿರಿ. 10 ಬಾರಿ.

ಸ್ವಲ್ಪ ಎಳೆತ ಸಹಜ. ನೋವು ತೋಳಿಗೆ ಇಳಿದರೆ ಅಥವಾ ತಲೆ ಸುತ್ತಿದರೆ ನಿಲ್ಲಿಸಿ. ಎರಡೇ ದಿನದಲ್ಲಿ ಫಲ ಬರಲಿಲ್ಲವೆಂದು ಕೈಬಿಡಬೇಡಿ. ಸ್ನಾಯು ಬಲಗೊಳ್ಳಲು ಕೆಲವು ವಾರಗಳು ಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿಕೊಳ್ಳಿ.

ಇವುಗಳ ಬಗ್ಗೆ ಎಚ್ಚರ

ವೈದ್ಯರು ಹೇಳದೆ ತಿಂಗಳುಗಟ್ಟಲೆ ಕುತ್ತಿಗೆ ಪಟ್ಟಿ ಹಾಕಿಕೊಂಡರೆ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಸುವುದಂತೂ ಬೇಡವೇ ಬೇಡ. ಹೀಗೆ ಮಾಡಿಸಿಕೊಂಡ ಬಳ್ಳಾರಿಯ ಯುವಕರೊಬ್ಬರ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ತಗುಲಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡೆಯುವಾಗ ತೂರಾಡುವುದು, ಮೂತ್ರದ ಹತೋಟಿ ತಪ್ಪುವುದು, ಜ್ವರ, ಬಿದ್ದ ನಂತರದ ನೋವು ಇವು ಕಂಡರೆ ವ್ಯಾಯಾಮ ಮಾಡುತ್ತಾ ಕೂರದೆ ವೈದ್ಯರನ್ನು ಕಾಣಬೇಕು. ಎದೆನೋವು, ಬೆವರಿನೊಂದಿಗೆ ಕುತ್ತಿಗೆ ನೋವು ಬಂದರೆ ಅದು ಹೃದಯಾಘಾತವೂ ಆಗಿರಬಹುದು. ತಡಮಾಡದೆ ತುರ್ತು ಚಿಕಿತ್ಸೆಗೆ ಧಾವಿಸಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ, ಭದ್ರಾವತಿಯವರಿಗೆ ತಾಲ್ಲೂಕು ಸರ್ಕಾರಿ ಆಸ್ಪತ್ರೆ ಹತ್ತಿರದಲ್ಲೇ ಇವೆ.

ನೋವಿನ ಮಾತ್ರೆ ಆ ದಿನದ ನೋವನ್ನು ತಗ್ಗಿಸೀತು, ಸ್ನಾಯುವಿಗೆ ಬಲ ಕೊಡದು. ದಿನಕ್ಕೆ ಹತ್ತು ನಿಮಿಷವನ್ನು ನಮ್ಮ ಕುತ್ತಿಗೆಗಾಗಿ ಮೀಸಲಿಡೋಣ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಕಲಿಸೋಣ.