ರೈಲು ಬಾರದ ನಾಲ್ಕು ಊರುಗಳ ಚರಿತ್ರೆ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳಿಗೂ ದೊಡ್ಡ ಚರಿತ್ರೆಯಿದೆ. ಆದರೆ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಉತ್ತರ ಕರ್ನಾಟಕದಲ್ಲಿ ಉಗಿಬಂಡಿಯ ಓಡಾಟ ಆರಂಭವಾಗಿ ನೂರೈವತ್ತಕ್ಕೂ ಹೆಚ್ಚು ವರ್ಷ ಸಂದಿವೆ. ಆದರೂ ಹಳಿಗಳು ಈ ಸೀಮೆಯನ್ನು ಬಳಸಿಕೊಂಡೇ ಸಾಗಿವೆ. ಇದು ಆಕಸ್ಮಿಕವೇನಲ್ಲ.

ಬರ, ಹತ್ತಿ ಮತ್ತು ಬಂದರು

1876–78ರ ಭೀಕರ ಬರಗಾಲದಲ್ಲಿ ಬಯಲುಸೀಮೆಗೆ ಧಾನ್ಯ ಸಾಗಿಸಲು ಸಾಧ್ಯವಾಗದೆ ಅಸಂಖ್ಯ ಜನ ಪ್ರಾಣ ಕಳೆದುಕೊಂಡರು. ಈ ಭಾಗಕ್ಕೆ ರೈಲು ತರಬೇಕೆಂಬ ಸರ್ಕಾರದ ನಿರ್ಧಾರಕ್ಕೆ ಅದು ಮುಖ್ಯ ಕಾರಣ. ಇನ್ನೊಂದು ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಅರಳೆಗೆ ಅಪಾರ ಬೇಡಿಕೆ ಬಂದಿತ್ತು. ಎತ್ತಿನ ಗಾಡಿಗಳು ಘಟ್ಟವಿಳಿದು ಕುಮಟಾ ಬಂದರಿಗೆ ಸರಕು ಒಯ್ಯುತ್ತಿದ್ದವು.

ಕಾರವಾರದಿಂದ ಹುಬ್ಬಳ್ಳಿಗೆ ರೈಲುಮಾರ್ಗ ಹಾಕುವ ಯೋಜನೆ ಮೊದಲು ಚರ್ಚೆಯಲ್ಲಿತ್ತು. ಆದರೆ 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ನಂತರ ಗೋವಾದ ಮರ್ಮಗೋವಾ ಬಂದರಿಗೆ ಆದ್ಯತೆ ದೊರೆಯಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಮೀಟರ್‌ಗೇಜ್ ಹಳಿಗಳ ಜಾಲವನ್ನು ಹರಡಿತು. ಗೋವಾದ ದಾರಿ ಕೂಡುವ ಲೋಂಡಾ ಪ್ರಮುಖ ಜಂಕ್ಷನ್ ಆಯಿತು. ಹೀಗಾಗಿ ಬೆಳಗಾವಿ ಮತ್ತು ಧಾರವಾಡಗಳ ನಡುವಿನ ಹಳಿ ನೇರ ಹಾದಿ ಹಿಡಿಯದೆ ಖಾನಾಪುರ, ಲೋಂಡಾ, ಅಳ್ನಾವರಗಳ ಕಾಡಿನ ಅಂಚಿಗೆ ಹೊರಳಿತು. ಅತ್ತ ಪೂರ್ವದಲ್ಲಿ ಹೊಟಗಿ–ಗದಗ ಮಾರ್ಗ ಬಾಗಲಕೋಟೆ, ಬಾದಾಮಿಗಳನ್ನು ಹಾದುಹೋಯಿತು. ಈ ಎರಡು ಹಳಿಗಳ ನಡುವೆ ಉಳಿದದ್ದೇ ಮಲಪ್ರಭೆಯ ಕಪ್ಪುಮಣ್ಣಿನ ಸೀಮೆ.

ರಾಮದುರ್ಗದ ಸ್ಥಿತಿ ಇನ್ನೂ ಭಿನ್ನ. ಅದು 1948ರಲ್ಲಿ ವಿಲೀನಗೊಳ್ಳುವವರೆಗೂ ಪುಟ್ಟ ದೇಶೀಯ ಸಂಸ್ಥಾನವಾಗಿತ್ತು. ಅನುಕೂಲಸ್ಥ ಕೊಲ್ಹಾಪುರ ಸಂಸ್ಥಾನ 1891ರಲ್ಲಿ ಮಿರಜಿನವರೆಗೆ ತನ್ನದೇ ರೈಲುಮಾರ್ಗ ಪಡೆಯಿತು. ರಾಮದುರ್ಗಕ್ಕೆ ಅಂಥ ಭಾಗ್ಯ ಒದಗಲಿಲ್ಲ.

ಇಂಗ್ಲೆಂಡಿನಲ್ಲಿ ನಡೆದದ್ದು

ಇಂಗ್ಲೆಂಡಿನ ಸಂತೆಯೂರುಗಳ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಸಣ್ಣಪುಟ್ಟ ಊರಿಗೂ ಹಳಿ ಬಂದಿತ್ತು. 1963ರ ಬೀಚಿಂಗ್ ವರದಿಯ ತರುವಾಯ ಲಾಭವಿಲ್ಲದ ಸಾವಿರಾರು ಮೈಲಿ ಮಾರ್ಗಗಳು ಮುಚ್ಚಿದವು. ಯಾರ್ಕ್‌ಶೈರಿನ ಪಿಕರಿಂಗ್ ಪಟ್ಟಣದ ಮಾರ್ಗ 1965ರಲ್ಲಿ ನಿಂತುಹೋಯಿತು. ಊರವರೂ ರೈಲುಪ್ರಿಯರೂ ಕೂಡಿ ಅದನ್ನು 1973ರಲ್ಲಿ ಪಾರಂಪರಿಕ ರೈಲಾಗಿ ಮತ್ತೆ ಓಡಿಸಿದರು. ಇಂದು ಉಗಿಬಂಡಿಯೇ ಆ ಊರಿನ ಪ್ರವಾಸೋದ್ಯಮದ ಆಧಾರಗಳಲ್ಲೊಂದು. ಅಲ್ಲಿ ಕಳೆದುಹೋದ ರೈಲನ್ನು ಜನ ಉಳಿಸಿಕೊಂಡರು. ಇಲ್ಲಿ ಬಾರದ ರೈಲಿಗಾಗಿ ಜನ ಕಾದಿದ್ದಾರೆ.

ನಮ್ಮಲ್ಲೂ ರೈಲು ಪರಂಪರೆಯ ಅರಿವು ಮೂಡುತ್ತಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳ ಜೊತೆಗೆ ಘಟಪ್ರಭಾ, ಮಲಪ್ರಭಾ ಎಂಬ ಹೆಸರಿನ ಎರಡು ಹಳೆಯ ಕಟ್ಟಡಗಳೂ ಇವೆ. ಮಲಪ್ರಭೆಯ ಹೆಸರು ಸಂಗ್ರಹಾಲಯ ಸೇರಿದೆ. ಆ ನದಿಯ ದಂಡೆಯ ರಾಮದುರ್ಗಕ್ಕೆ ಮಾತ್ರ ಇನ್ನೂ ರೈಲಿಲ್ಲ.

ಹೊಸ ಹಳಿ, ಹಳೆಯ ಪ್ರಶ್ನೆ

ಕಿತ್ತೂರಿನ ಮೂಲಕ ಧಾರವಾಡ–ಬೆಳಗಾವಿ ನೇರ ಮಾರ್ಗಕ್ಕೆ 2020ರಲ್ಲಿ ರೈಲ್ವೆ ಮಂಡಳಿಯ ಅನುಮೋದನೆ ದೊರೆಯಿತು. ಆಗ ರೈಲ್ವೆ ಖಾತೆ ರಾಜ್ಯ ಸಚಿವರಾಗಿದ್ದ ಬೆಳಗಾವಿ ಸಂಸದ ಸುರೇಶ ಅಂಗಡಿ ಇದಕ್ಕಾಗಿ ಶ್ರಮಿಸಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ನಿಧನರಾದರು. ಲೋಂಡಾ ಮೂಲಕ ಸುಮಾರು 121 ಕಿ.ಮೀ. ಇರುವ ದಾರಿ 73 ಕಿ.ಮೀ.ಗೆ ಇಳಿಯಬೇಕು. ಅಂದಾಜು ವೆಚ್ಚ 927 ಕೋಟಿ ರೂ. ಎಂದು ಹೇಳಲಾಗಿತ್ತು. ಆದರೆ ಭೂಸ್ವಾಧೀನ ವರ್ಷಗಟ್ಟಲೆ ಎಳೆಯಿತು. ಬೆಳಗಾವಿ ಸಮೀಪದ ಕೆಲವು ಗ್ರಾಮಗಳ ರೈತರು ಫಲವತ್ತಾದ ಹೊಲಗಳನ್ನು ಬಿಟ್ಟು ಬೇರೆಡೆ ಹಳಿ ಹಾಕುವಂತೆ ಪಟ್ಟು ಹಿಡಿದರು. ಭೂಮಿ ಕಳೆದುಕೊಳ್ಳುವವರ ಸಂಕಟವೂ ಪ್ರಯಾಣಿಕರ ಅಗತ್ಯವೂ ಸಮಾನವಾಗಿ ನಿಜ. ಒಂದನ್ನು ಮರೆತು ಇನ್ನೊಂದನ್ನು ತೂಗಲಾಗದು.

ಈ ಮಾರ್ಗ ಕಿತ್ತೂರಿಗೆ ನಿಲ್ದಾಣ ತಂದರೂ ಉಳಿದ ಮೂರು ಊರುಗಳು ಹೊರಗೇ ಉಳಿಯುತ್ತವೆ. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೇನೆಯನ್ನು ಸೋಲಿಸಿದ ರಾಣಿ ಚೆನ್ನಮ್ಮ ಕೊನೆಯುಸಿರೆಳೆದದ್ದು ಬೈಲಹೊಂಗಲದ ಸೆರೆಯಲ್ಲಿ, 1829ರಲ್ಲಿ. ಕೋಟೆ ಕಿತ್ತೂರಿನಲ್ಲಿ, ಸಮಾಧಿ ಬೈಲಹೊಂಗಲದಲ್ಲಿ. 1858ರ ಬಂಡಾಯದಲ್ಲಿ ನರಗುಂದದ ಬಾಬಾಸಾಹೇಬನ ಪಡೆ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದ ಸುರೇಬಾನ ರಾಮದುರ್ಗ ತಾಲ್ಲೂಕಿನಲ್ಲಿದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಂದು ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬಸ್ಸು, ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಬರುತ್ತಾರೆ.

ಆದ್ದರಿಂದಲೇ ಧಾರವಾಡದಿಂದ ಸವದತ್ತಿ, ರಾಮದುರ್ಗಗಳ ಮೂಲಕ ಲೋಕಾಪುರಕ್ಕೆ ಹಳಿ ಬೇಕೆಂಬ ಹೋರಾಟ ದೀರ್ಘಕಾಲದಿಂದ ನಡೆದಿದೆ. ವರಮಾನದ ಲೆಕ್ಕದಲ್ಲಿ ಇಂಥ ಮಾರ್ಗಗಳು ಹಿಂದೆ ಬೀಳುವುದು ಸಹಜ. ಆದರೆ ಮೊದಲ ಹಳಿಗಳನ್ನು ಹಾಕಿದಾಗಲೂ ಲಾಭವೊಂದೇ ಅಳತೆಗೋಲಾಗಿರಲಿಲ್ಲ. ಬರದಲ್ಲಿ ಜನರನ್ನು ಉಳಿಸುವ ಹೊಣೆಯೂ ಅದರಲ್ಲಿ ಸೇರಿತ್ತು. ನಾಲ್ಕು ಊರುಗಳ ಬೇಡಿಕೆಯನ್ನು ತೂಗುವಾಗ ಆ ಹಳೆಯ ಅಳತೆಗೋಲನ್ನೂ ನೆನೆಯುವುದು ಸೂಕ್ತ.