ಬಚ್ಚಲುಮನೆಯ ಬೆಂಕಿ

ನಮ್ಮ ನಾಡಿನ ಮನೆಗಳಲ್ಲಿ ಬೆಂಕಿಗೆ ಎರಡು ಸ್ಥಾನಗಳಿದ್ದವು. ಅಡಿಗೆಯ ಮನೆಯ ಒಲೆ ಒಂದು, ಬಚ್ಚಲುಮನೆಯ ಹಂಡೆಯೊಲೆ ಮತ್ತೊಂದು. ಅಡಿಗೆಯ ಒಲೆಯ ವಿಷಯವಾಗಿ ಪಂಡಿತರು ಬಹಳ ಯೋಚಿಸಿರುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಕೇಂದ್ರದವರು, ಹೊಗೆಗೊಳವೆಯುಳ್ಳ, ಕಡಿಮೆ ಸೌದೆ ಬೇಡುವ ಒಲೆಯೊಂದನ್ನು ರೂಪಿಸಿ ಹಳ್ಳಿಗಳಿಗೆ ಕೊಟ್ಟರು. ಬಚ್ಚಲಿನ ಬೆಂಕಿಯ ಕಡೆಗೆ ಅಷ್ಟು ಲಕ್ಷ್ಯ ಹೋದಂತೆ ಕಾಣುವುದಿಲ್ಲ. ಮಾಗಿಯ ಚಳಿ ಸಮೀಪಿಸುತ್ತಿರುವಾಗ ಆ ವಿಷಯವನ್ನು ಗೃಹಸ್ಥರ ಮುಂದಿಡಬೇಕೆಂದು ನಮಗೆ ತೋರಿತು.

ನಾವು ವಾಸಿಸುವ ವಿಜಯನಗರವು ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹಳ್ಳಿಗಳ ನೆರೆಯಲ್ಲಿ ಬೆಳೆದ ಬಡಾವಣೆ. ಆ ಹಳ್ಳಿಗಳ ಹೆಸರುಗಳು ಈಗ ಮೆಟ್ರೋ ನಿಲ್ದಾಣಗಳ ಫಲಕಗಳ ಮೇಲೆ ಉಳಿದಿವೆ. ಇಲ್ಲಿಯ ಹಳೆಯ ಮನೆಗಳ ಹಿತ್ತಿಲಲ್ಲಿ ತಾಮ್ರದ ಹಂಡೆ ಹೂಳಿದ ಒಲೆಗಳಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ತೆಂಗಿನ ಮಟ್ಟೆ, ಕರಟ, ಒಣಗಿದ ಗರಿ, ಇವೇ ಅದರ ಉರುವಲು. ಹೊಗೆ ಹೋಗಲೆಂದು ಮಾಡಿನಲ್ಲಿ ಗವಾಕ್ಷಿ. ಅನೇಕ ಕಡೆ ಬಚ್ಚಲೇ ಮನೆಯಿಂದ ಬೇರೆಯಾಗಿ, ಬಾಗಿಲು ಅರೆಮುಚ್ಚಿ ನಿಂತಿರುತ್ತಿತ್ತು. ಆ ಹೊಗೆ ಕಣ್ಣನ್ನೂ ಪುಪ್ಪುಸವನ್ನೂ ಕೆಡಿಸಿತೆಂಬುದರಲ್ಲಿ ಸಂದೇಹವಿಲ್ಲ; ಅದನ್ನು ಹೊಗಳಲು ನಾವು ಸಿದ್ಧರಿಲ್ಲ. ಆದರೆ ಅದು ಒಂದು ಉಪಕಾರವನ್ನು ಮಾಡುತ್ತಿತ್ತು. ಕೋಣೆಯ ಗಾಳಿ ಕೆಟ್ಟಿತೆಂಬುದನ್ನು ಕೆಮ್ಮಿಸಿ, ಕಣ್ಣೀರು ತರಿಸಿ, ಮನುಷ್ಯನನ್ನು ಹೊರಕ್ಕೆ ಓಡಿಸುತ್ತಿತ್ತು.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲೊಂದು ಹಳೆಯ ಪಾಠ ನೆನಪಾಗದೆ ಇರದು. ಹೊಗೆಯಿದ್ದಲ್ಲಿ ಬೆಂಕಿಯನ್ನು ಊಹಿಸಬಹುದು; ಬೆಂಕಿಯಿದ್ದಲ್ಲೆಲ್ಲ ಹೊಗೆಯನ್ನು ಊಹಿಸಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವಿದ್ದರೆ ಮಾತ್ರ ಹೊಗೆಯೆಂದು ಅನ್ನಂಭಟ್ಟನು ತನ್ನ ತರ್ಕಸಂಗ್ರಹದಲ್ಲಿ ಬಾಲಕರಿಗೆ ಬೋಧಿಸಿರುವನು. ತರಗತಿಯಲ್ಲಿ ಇದನ್ನು ಕೇಳಿದ ಹುಡುಗರು, ಇದರಿಂದ ಸಂಸಾರಕ್ಕೆ ಏನು ಪ್ರಯೋಜನವೆಂದು ನಗುತ್ತಿದ್ದುದುಂಟು. ಈಗಿನ ಬಚ್ಚಲುಮನೆಗಳಲ್ಲಿ ಉರಿಯುತ್ತಿರುವುದು ಆ ಕಬ್ಬಿಣದ ಗುಂಡಿನ ಜಾತಿಯ ಬೆಂಕಿಯೇ.

ಗ್ಯಾಸ್ ಗೀಸರೆಂಬ ಯಂತ್ರದ ವಿಷಯವನ್ನು ಹೇಳುತ್ತಿದ್ದೇವೆ. ಗೋಡೆಗೆ ತೂಗುಹಾಕಿದ ಬಿಳಿಯ ಪೆಟ್ಟಿಗೆ. ನಲ್ಲಿ ತಿರುಗಿಸಿದೊಡನೆ ಒಳಗೆ ಜ್ವಾಲೆ ಹತ್ತಿ, ಬಿಸಿನೀರು ಸುರಿಯುವುದು. ವಿದ್ಯುತ್ತಿನ ಬಿಲ್ಲಿಗೆ ಅಂಜಿದವರೂ, ಮಳೆಗಾಲದ ಮೋಡದಲ್ಲಿ ಸೌರಯಂತ್ರದ ನೀರು ತಣ್ಣಗಾಗುವುದನ್ನು ಕಂಡವರೂ, ಮಾಳಿಗೆಯ ಮೇಲೆ ಹಕ್ಕಿಲ್ಲದ ಬಾಡಿಗೆಯವರೂ ಇದನ್ನು ಕೊಳ್ಳುತ್ತಾರೆ. ಯಂತ್ರದಲ್ಲಿ ದೋಷವೆಂದು ನಾವು ಹೇಳುವುದಿಲ್ಲ. ಅದನ್ನು ಇರಿಸುವ ಸ್ಥಳದಲ್ಲಿಯೇ ಅಪಾಯವಿರುವುದು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಮೂವತ್ತು ನಲವತ್ತರ ನಿವೇಶನದ ಮನೆಯಲ್ಲಿ ಬಚ್ಚಲೆಂದರೆ ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರ ಎಂದಿಟ್ಟುಕೊಳ್ಳಿ. ಒಳಗಿನ ಗಾಳಿ 192 ಘನ ಅಡಿ. ಸಾಮಾನ್ಯವಾದ ಗೀಸರು ಗಂಟೆಗೆ ಸುಮಾರು 900 ಗ್ರಾಮು ಅನಿಲವನ್ನು ಸುಡುವುದು. ಒಂದು ಕಿಲೋಗ್ರಾಮು ಅನಿಲ ಪೂರ್ಣವಾಗಿ ಉರಿಯಲು ನಾನೂರು ಘನ ಅಡಿಗೆ ಮೀರಿದ ಗಾಳಿ ಬೇಕು. ಕಾಲು ಗಂಟೆಯ ಸ್ನಾನಕ್ಕೆ ಸುಮಾರು ನೂರು ಘನ ಅಡಿ, ಅಂದರೆ ಕೋಣೆಯ ಗಾಳಿಯಲ್ಲಿ ಅರ್ಧಭಾಗ! ಕಿಟಕಿಯ ಗಾಜಿನ ಪಟ್ಟಿಗಳನ್ನು ಚಳಿಗೆಂದು ಮುಚ್ಚಿ, ಬಾಗಿಲಿಗೆ ಅಗಳಿ ಹಾಕಿ, ಶಾಲೆಗೆ ಹೊರಡುವ ಮಕ್ಕಳು ಒಬ್ಬರ ಹಿಂದೊಬ್ಬರು ಮಿಂದರೆ, ಕಡೆಗೆ ಮೀಯುವ ತಾಯಿಗೆ ಉಳಿಯುವ ಗಾಳಿ ಎಂತಹುದು?

ಪ್ರಾಣವಾಯು ಕಡಿಮೆಯಾದಂತೆಲ್ಲ ಜ್ವಾಲೆ ಅನಿಲವನ್ನು ಪೂರ್ತಿ ಸುಡಲಾರದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವನ್ನು ಹುಟ್ಟಿಸುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗು ಗಂಟಲುಗಳನ್ನು ಉರಿಸುವ ಗುಣವೂ ಇಲ್ಲ. ನಮ್ಮ ರಕ್ತದ ಕೆಂಪು ದ್ರವ್ಯವು ಪ್ರಾಣವಾಯುವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುವುದು. ಉಸಿರು ಆಡುತ್ತಲೇ ಇರುವಾಗ ಮಿದುಳು ಉಪವಾಸ ಬೀಳುವುದು. ಮೊದಲು ತಲೆನೋವು, ಓಕರಿಕೆ, ತಲೆಸುತ್ತು. ಅನಂತರ ಕಾಲುಗಳಲ್ಲಿ ಬಲವಿಲ್ಲದಾಗುವುದು. ಅಪಾಯವನ್ನು ಅರಿತರೂ ಎದ್ದು ಅಗಳಿ ತೆಗೆಯಲು ಶಕ್ತಿ ಸಾಲದೆ ಹೋಗುವುದು. ಇಂಗ್ಲೆಂಡಿನ ಗಣಿಗಳಲ್ಲಿ ಈ ವಾಯುವಿನಿಂದ ಆಗುತ್ತಿದ್ದ ಮರಣಗಳನ್ನು 1890ರ ದಶಕದಲ್ಲಿ ಪರಿಶೀಲಿಸಿದ ಜಾನ್ ಸ್ಕಾಟ್ ಹಾಲ್ಡೇನರು, ಗಣಿಯೊಳಕ್ಕೆ ಸಣ್ಣ ಪ್ರಾಣಿಗಳನ್ನು ಒಯ್ಯುವಂತೆ ಸಲಹೆ ಕೊಟ್ಟರು. ಪಂಜರದ ಕೆನರಿ ಹಕ್ಕಿ ಮನುಷ್ಯನಿಗಿಂತ ಮೊದಲು ಕುಸಿದು ಎಚ್ಚರಿಸುತ್ತಿತ್ತು. 1986ರವರೆಗೂ ಅಲ್ಲಿ ಆ ಪದ್ಧತಿ ನಡೆದು ಬಂದಿತು.

ಇಂತಹ ಸಾವುಗಳನ್ನು ಪತ್ರಿಕೆಗಳವರು ಅನೇಕವೇಳೆ ‘ಗ್ಯಾಸ್ ಸೋರಿಕೆ’ ಎಂದು ಬರೆಯುವರು. 2023ರ ಜೂನ್ ತಿಂಗಳಿನಲ್ಲಿ ಚಿಕ್ಕಬಾಣಾವರದ ಮನೆಯೊಂದರ ಸ್ನಾನಗೃಹದಲ್ಲಿ ಇಬ್ಬರು ಅಸುನೀಗಿದಾಗಲೂ ಆ ಮಾತು ಕೇಳಿಬಂದಿತು. ಈ ಪದಪ್ರಯೋಗ ಜನರನ್ನು ದಾರಿ ತಪ್ಪಿಸುತ್ತದೆಂದು ನಮ್ಮ ಮತ. ಸಿಲಿಂಡರಿನ ಅನಿಲಕ್ಕೆ ಸ್ವಂತ ವಾಸನೆಯಿಲ್ಲದ ಕಾರಣ, ಸೋರಿದರೆ ತಿಳಿಯಲೆಂದೇ ಕಂಪೆನಿಯವರು ಕೊಳೆತ ಕೋಸಿನಂತೆ ನಾರುವ ಮರ್ಕ್ಯಾಪ್ಟಾನ್ ಎಂಬ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ಆ ದ್ರವ್ಯ ಜ್ವಾಲೆಯಲ್ಲಿ ಸುಟ್ಟುಹೋಗುವುದು. ಸೋರದೆ, ನೆಟ್ಟಗೆ ಉರಿದ ಅನಿಲವೇ ವಿಷವಾಗುವಾಗ ಮೂಗಿಗೆ ಏನೂ ತಿಳಿಯದು. ‘ನಮ್ಮಲ್ಲಿ ವಾಸನೆಯೇ ಇಲ್ಲ’ ಎಂದು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು.

ನಮ್ಮ ಬೀದಿಯ ಒಂದು ಸಂಸಾರದಲ್ಲಿ ಹೀಗಾಯಿತು. ತಲೆಗೆ ಎಣ್ಣೆ ಹಚ್ಚಿಕೊಂಡು ಮೀಯಲು ಹೋದ ಸೊಸೆ ಅರ್ಧಗಂಟೆಯಾದರೂ ಬರಲಿಲ್ಲ. ಅತ್ತೆಯವರು ಕೂಗಿ, ಉತ್ತರ ಬಾರದಿರಲು ಬಾಗಿಲು ಒಡೆಸಿದರು. ಹುಡುಗಿ ನೆಲದಲ್ಲಿ ಬಿದ್ದು ಕೈಕಾಲು ಸೆಟೆಸುತ್ತಿದ್ದಳು. ಬದುಕಿಕೊಂಡಳು, ಆದರೆ ಮನೆಯವರು ಅದನ್ನು ಮೂರ್ಛೆರೋಗವೆಂದೇ ಬಗೆದು ತವರಿನವರ ಮೇಲೆ ಮುನಿದರು. ಮೊದಲು ನೋಡಿದ ವೈದ್ಯರೂ ಬಿಸಿನೀರಿನ ಅಪಸ್ಮಾರವಿರಬಹುದೆಂದರು. ಆ ಊಹೆ ನಿರಾಧಾರವೆಂದು ಹೇಳಲಾಗದು. ತಲೆಯ ಮೇಲೆ ಬಿಸಿನೀರನ್ನು ಚೆಂಬುಚೆಂಬಾಗಿ ಸುರಿದುಕೊಳ್ಳುವಾಗ ಬರುವ ಈ ವ್ಯಾಧಿ ನಮ್ಮ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಾಣುವಂಥದು. ನಿಮ್ಹಾನ್ಸಿನ ಡಾಕ್ಟರ್ ಪಿ. ಸತೀಶ್‌ಚಂದ್ರರೂ ಸಂಗಡಿಗರೂ 279 ರೋಗಿಗಳ ವಿವರವನ್ನು 1988ರಲ್ಲಿ ಪ್ರಕಟಿಸಿರುವರು. ಆದರೆ ಹದಿನೈದು ದಿನಗಳ ಮೇಲೆ ಅದೇ ಬಚ್ಚಲಿನಲ್ಲಿ ಮಾವನವರು ತಲೆ ಸುತ್ತಿ ಕುಳಿತಾಗ, ಒಂದೇ ವ್ಯಾಧಿ ಇಬ್ಬರಿಗೂ ಹೇಗೆ ಬಂದಿತೆಂದು ಎರಡನೆಯ ವೈದ್ಯರು ವಿಚಾರಿಸಿದರು. ಗೀಸರಿನ ಮಾತು ಆಗ ಹೊರಬಿದ್ದಿತು. ಅಷ್ಟರಲ್ಲಿ ಆ ಹುಡುಗಿ ಪಟ್ಟ ಕಷ್ಟವನ್ನು ಹಿಂದಿರುಗಿಸುವವರು ಯಾರು?

ಪರಿಹಾರ ಸುಲಭ. ಗೀಸರು ಬಚ್ಚಲಿನ ಹೊರಗೆ, ಬಯಲುಗಾಳಿ ಆಡುವ ಹಿತ್ತಿಲಲ್ಲಿಯೋ ಯುಟಿಲಿಟಿಯೆನ್ನುವ ಜಗಲಿಯಲ್ಲಿಯೋ ಇರಬೇಕು. ಬಿಸಿನೀರು ಮಾತ್ರ ಕೊಳವೆಯ ಮೂಲಕ ಒಳಕ್ಕೆ ಬರಬೇಕು. ಗೋಡೆಗೆ ಒಂದು ರಂಧ್ರ, ನಾಲ್ಕಾರು ಅಡಿ ಕೊಳವೆ, ಪ್ಲಂಬರನ ಅರ್ಧ ದಿನದ ಕೂಲಿ, ಇಷ್ಟೇ ಖರ್ಚು. ಬಾಡಿಗೆಯ ಮನೆಯಾದರೆ ಮಾಲೀಕರೊಡನೆ ಈ ಮಾತನ್ನು ಸಂಕೋಚವಿಲ್ಲದೆ ಆಡಬೇಕು. ಸ್ಥಳ ಬದಲಾಗುವವರೆಗೆ ಬಕೆಟ್ಟುಗಳಿಗೆ ಬಾಗಿಲು ತೆರೆದಿಟ್ಟು ನೀರು ತುಂಬಿ, ಯಂತ್ರವನ್ನು ಆರಿಸಿ, ಕೋಣೆಗೆ ಗಾಳಿ ಬಿಟ್ಟು ಅನಂತರ ಮೀಯುವುದು. ‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎನ್ನುವವರುಂಟು. ಬಾಗಿಲ ಬುಡದಲ್ಲಿ ಹೊಸ ಗಾಳಿ ಬರುವ ದಾರಿಯಿಲ್ಲದಿದ್ದರೆ ಅದು ಎಳೆಯುವುದಾದರೂ ಏನನ್ನು? ಸಿಲಿಂಡರನ್ನು ಬಚ್ಚಲಿನೊಳಗೆ ಇರಿಸುವ ಮನೆಗಳನ್ನೂ ನಾವು ಕಂಡಿದ್ದೇವೆ. ಅದರ ವಿಷಯ ಬರೆಯಲು ಕೈ ಬರುವುದಿಲ್ಲ.

ಹೊರಗಿಟ್ಟ ಯಂತ್ರಕ್ಕೂ ಆರೈಕೆ ಬೇಕು. ಜ್ವಾಲೆ ನೀಲಿಯಾಗಿದ್ದರೆ ಕ್ಷೇಮ. ಹಳದಿಯಾಗಿ ನಾಲಗೆ ಚಾಚಿದರೆ, ಅಥವಾ ಪೆಟ್ಟಿಗೆಯ ಮೇಲ್ಭಾಗದಲ್ಲಿ ಮಸಿ ಕಂಡರೆ, ಬರ್ನರಿನಲ್ಲಿ ಧೂಳು, ಜೇಡರ ಬಲೆ ಸೇರಿರಬಹುದು. ಬಲ್ಲವರಿಂದ ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಶುದ್ಧಿ ಮಾಡಿಸಬೇಕು. ಅನಿಲದ ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು. ಕೀಲುಗಳನ್ನು ಪರೀಕ್ಷಿಸಲು ಸಾಬೂನಿನ ನೀರು ಹಚ್ಚಿದರೆ ಸಾಕು. ಕಡ್ಡಿ ಗೀರಿ ನೋಡುವ ಸಾಹಸ ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲುಗಳನ್ನು ತೆರೆದು, ವಿದ್ಯುತ್ತಿನ ಸ್ವಿಚ್ಚುಗಳನ್ನು ಮುಟ್ಟದೆ ಹೊರಗೆ ಬಂದು 1906ಕ್ಕೆ ತಿಳಿಸಬೇಕು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ ನಿಲ್ಲುವುದು.

ಇದೇ ಜಾತಿಯ ಇನ್ನೊಂದು ಬೆಂಕಿ ಬಾಣಂತಿಯ ಕೋಣೆಯಲ್ಲಿದೆ. ಶೀತ ತಾಗಬಾರದೆಂದು ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಇದ್ದಲಿನ ಕೆಂಡ ತುಂಬಿ ಮಂಚದ ಬಳಿ ಇರಿಸುವ ವಾಡಿಕೆ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಹೊಗೆಯಾಡದ ಕೆಂಡ ಒಳ್ಳೆಯದೆಂದು ಅಜ್ಜಿಯರು ಆರಿಸಿ ಹಾಕುತ್ತಾರೆ. ಅದೂ ಅದೇ ವಿಷವಾಯುವನ್ನು ಧಾರಾಳವಾಗಿ ಬಿಡುವುದೆಂದು ಅವರಿಗೆ ಗೌರವದಿಂದಲೇ ತಿಳಿಸಬೇಕು. ಮಗುವಿನ ಕೂದಲಿಗೆ ಸಾಂಬ್ರಾಣಿ ಹಿಡಿಯುವವರು ಬಾಗಿಲು ತೆರೆದು ಕ್ಷಣಕಾಲ ಹಿಡಿದು, ಕೆಂಡವನ್ನು ಹೊರಗೆ ಒಯ್ಯಲಿ. ಕೋಣೆ ಬೆಚ್ಚಗಿರಲು ಕಂಬಳಿಯುಂಟು, ಟೋಪಿ ಕಾಲುಚೀಲಗಳುಂಟು, ತಾಯಿಯ ಮೈಯ ಕಾವುಂಟು.

ಯಾರಾದರೂ ಬಚ್ಚಲಿನಲ್ಲಿ ಬಿದ್ದುದು ಕಂಡರೆ ಮೊದಲು ಬಾಗಿಲನ್ನು ಪೂರ್ತಿ ತೆರೆದು, ಹೊರಗಿನ ಉಸಿರನ್ನು ಎದೆತುಂಬ ಹಿಡಿದು ಒಳಹೊಕ್ಕು, ಅನಿಲವನ್ನು ನಿಲ್ಲಿಸಿ, ಬಿದ್ದವರನ್ನು ಬಯಲಿಗೆ ಎಳೆದು ತರಬೇಕು. ಒಳಗೆ ನಿಂತು ನೀರು ಚಿಮುಕಿಸುತ್ತ ಕಾಲ ಕಳೆದರೆ ಎಬ್ಬಿಸಲು ಹೋದವರೂ ಬೀಳುವರು. 108ಕ್ಕೆ ಕರೆ ಮಾಡಬೇಕು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಯಂತ್ರವನ್ನು ತೊಡಿಸಿ 98 ಎಂದು ಕಂಡರೆ ನಂಬಬಾರದು. ವಿಷವಾಯು ಹಿಡಿದ ರಕ್ತವನ್ನೂ ಆ ಯಂತ್ರ ಪ್ರಾಣವಾಯು ತುಂಬಿದ ರಕ್ತವೆಂದೇ ಎಣಿಸುವುದು. ಬರಿಯ ಗಾಳಿಯಲ್ಲಿ ವಿಷದ ಅರ್ಧಭಾಗ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಪ್ರಾಣವಾಯುವನ್ನು ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುವುದು. ಎಚ್ಚರವಾದ ಮೇಲೂ ಕೆಲವರಿಗೆ ವಾರಗಳ ನಂತರ ಮರೆವು, ನಡಿಗೆಯ ತೊಡಕು ಕಾಣಿಸಿಕೊಳ್ಳುವುದರಿಂದ ‘ಸರಿಹೋಯಿತು’ ಎಂದು ಮನೆಯಲ್ಲಿಯೇ ಮಲಗಿಸಬಾರದು. ಆಸ್ಪತ್ರೆಯ ಬಾಗಿಲಲ್ಲಿ, ಹೆಸರು ವಯಸ್ಸು ಬರೆಸುವುದಕ್ಕೂ ಮೊದಲು, ‘ಗ್ಯಾಸ್ ಗೀಸರು ಉರಿಯುತ್ತಿದ್ದ ಬಚ್ಚಲಿನಲ್ಲಿ ಬಿದ್ದಿದ್ದರು’ ಎಂದು ಹೇಳಿರಿ. ಆ ಒಂದು ಮಾತು ಕಿವಿಗೆ ಬಿದ್ದರೆ ವೈದ್ಯರು ತಡಮಾಡದೆ ರಕ್ತವನ್ನು ತೆಗೆದು, ಆ ವಾಯುವಿಗಾಗಿಯೇ ಪರೀಕ್ಷಿಸುವರು.